ಮಗಳಿಗೊಂದು ಪತ್ರ: ಅಜ್ಜನ ಅಂದಾಜು

ಸಾಗರ

ಪ್ರೀತಿಯ ಪುಟ್ಟೀ,

ಅಜ್ಜನ ಕಾರ್ಯಗಳೆಲ್ಲ ಮುಗಿದು ನೆಂಟರು ತಮ್ಮ ತಮ್ಮ ಊರು ಸೇರಿದ್ದಾರೆ. ಅಬುಧಾಬಿಯಿಂದ ಬರಲು ನಿನಗೆ ರಜೆ ಸಿಗಲಿಲ್ಲವೆಂಬುದು ಎಲ್ಲರಿಗೂ ಅರ್ಥವಾಗಿದೆ, ಅದಕ್ಕಾಗಿ ಕೊರಗಬೇಡ. ಮೊನ್ನೆ ಮಾವ ಈ ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತುವ ಮಾತು ತೆಗೆದಾಗ, "ಅಜ್ಜ ಕಟ್ಟಿದ್ದಕ್ಕೆ ನಕ್ಷೆಯಿಲ್ಲ, ಲೆಕ್ಕವಿಲ್ಲ, ಎಲ್ಲವೂ ಅಂದಾಜು. ಪರೀಕ್ಷೆ ಮಾಡಿಸದೆ ಒಂದು ಇಟ್ಟಿಗೆಯನ್ನೂ ಏರಿಸಬೇಡಿ" ಎಂದು ನೀನು ಫೋನಿನಲ್ಲಿ ಹೇಳಿದೆ. ಆಗ ನನಗೆ ಮಾತು ಹೊರಡದೆ ಫೋನಿಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ, ಹೇಳಬೇಕಾಗಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಲಿಂಗನಮಕ್ಕಿಯಲ್ಲಿ ಕಲ್ಲು ಹೊತ್ತ ಕಥೆಯನ್ನು ನೀನು ಅಜ್ಜನ ಬಾಯಿಂದಲೇ ಸಾಕಷ್ಟು ಕೇಳಿದ್ದೀಯೆ. 1964ರಲ್ಲಿ ಅಣೆಕಟ್ಟೆ ಮುಗಿದು ಶರಾವತಿಯ ಹಿನ್ನೀರು ಊರುಗಳನ್ನು ನುಂಗಿದ ಮೇಲೆ, ಮುಳುಗಡೆಯವರು ಹಳೆಯ ಮನೆ ಬಿಚ್ಚಿ ತಂದ ಕಂಬ, ಬಾಗಿಲು, ಮಂಗಳೂರು ಹೆಂಚುಗಳನ್ನೇ ಬಳಸಿ ಅವರಿಗೆ ಸೂರು ಕಟ್ಟಿಕೊಡುತ್ತ ಅಪ್ಪಯ್ಯ ಕೂಲಿಯಾಳಿನಿಂದ ಮೇಸ್ತ್ರಿಯಾದರು. ಜಂಬಿಟ್ಟಿಗೆ ಕಣಿಯಿಂದ ಎಬ್ಬಿಸಿದಾಗ ಮೆತ್ತಗಿದ್ದು ಗಾಳಿ ತಾಗಿದಂತೆಲ್ಲ ಗಟ್ಟಿಯಾಗುತ್ತದೆಂದು, ಎಷ್ಟೇ ಅವಸರವಿದ್ದರೂ ಹಸಿಕಲ್ಲನ್ನು ಗೋಡೆಗೆ ಏರಿಸುತ್ತಿರಲಿಲ್ಲ. ಶನಿವಾರ ಆಳುಗಳ ಬಟವಾಡೆ ಮುಗಿಯದೆ ಮನೆಗೆ ಅಕ್ಕಿ ಬರುತ್ತಿರಲಿಲ್ಲ. ಇದಕ್ಕಾಗಿ ನಿನ್ನ ಅಜ್ಜಿ ಆಡಿದ ಮಾತುಗಳನ್ನು ಬರೆಯುವುದು ಬೇಡ.

ನಾನು ಹೇಳಬೇಕಾದದ್ದು ನಮ್ಮ ಪಡಸಾಲೆಯ ತಾರಸಿಯ ವಿಷಯ. ಆಗಿನ್ನೂ 1981. ಸಿಮೆಂಟಿಗೆ ಪರ್ಮಿಟ್ ಬೇಕಿತ್ತು, ಸರ್ಕಾರ ಹಿಡಿತ ಸಡಿಲಿಸಿದ್ದು ಮರುವರ್ಷ. ಊರವರಿಗೆಲ್ಲ ಕಟ್ಟಿಕೊಟ್ಟು ಕೊನೆಗೆ ತಮಗೊಂದು ಕಟ್ಟಿಕೊಳ್ಳುವಾಗ, ಅಪ್ಪಯ್ಯ ಹದಿನೆಂಟು ಅಡಿ ಅಗಲದ ಪಡಸಾಲೆಗೆ ಮೋಲ್ಡ್ ಹಾಕಿಸಿ, ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ, ಅದನ್ನು ಹೊತ್ತು ನಿಂತ ಸೆಂಟ್ರಿಂಗಿನ ಒಂದು ಗೂಟವನ್ನೂ ಮೂರು ವಾರ ಮುಟ್ಟಗೊಡಲಿಲ್ಲ. ಅಷ್ಟು ಅಗಲದ ತಾರಸಿಯ ಗೂಟ ಬಿಚ್ಚಲು ನೀವು ಎಂಜಿನಿಯರುಗಳು ಪಾಲಿಸುವ ಕಾಂಕ್ರೀಟಿನ ನಿಯಮಾವಳಿ ಐಎಸ್ 456 ಹೇಳುವುದು ಕನಿಷ್ಠ ಹದಿನಾಲ್ಕು ದಿನವೆಂದು ನೀನೇ ಒಮ್ಮೆ ಹೇಳಿದ್ದೆ.

ಸೆಂಟ್ರಿಂಗ್ ಬಿಚ್ಚುವ ಬೆಳಿಗ್ಗೆ ಆಳುಗಳನ್ನೂ ನಮ್ಮನ್ನೂ ಅಂಗಳಕ್ಕೆ ಕಳಿಸಿ ಒಬ್ಬರೇ ಒಳಗೆ ಹೋದರು. ಗೂಟದ ಬುಡದ ಬೆಣೆಗಳನ್ನು ನಡುವಿನಿಂದ ಗೋಡೆಯ ಕಡೆಗೆ ಒಂದೊಂದಾಗಿ ಸಡಿಲಿಸುತ್ತ ಹೋದ ಸುತ್ತಿಗೆಯ ಸದ್ದು ನಮಗೆ ಕೇಳಿಸುತ್ತಿತ್ತು. ಸದ್ದು ಕೇಳಿಸುವಷ್ಟು ಹೊತ್ತು ಧೈರ್ಯ. ನಿಂತರೆ ಅಮ್ಮ ನನ್ನ ರಟ್ಟೆಯನ್ನು ಉಗುರು ನೆಡುವಂತೆ ಹಿಡಿಯುತ್ತಿದ್ದಳು. ಕೊನೆಗೆ ಬಹಳ ಹೊತ್ತು ಸದ್ದೇ ಇಲ್ಲ. ನಾನು ತಡೆಯಲಾರದೆ ಹೊಸಿಲವರೆಗೆ ಓಡಿದೆ. ಅಪ್ಪಯ್ಯ ಗೂಟಗಳೆಲ್ಲ ಕಳಚಿದ ಪಡಸಾಲೆಯ ನಟ್ಟನಡುವೆ ಬಾಂಡ್ಲಿ ಬೋರಲು ಹಾಕಿ ಅದರ ಮೇಲೆ ಕುಳಿತು, ನೆತ್ತಿಯ ಮೇಲಿನ ತಾರಸಿಯನ್ನೇ ನೋಡುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಒಳಗೆ ಬರಬೇಡ, ಇನ್ನೂ ಸ್ವಲ್ಪ ಹೊತ್ತು ನೋಡಬೇಕು" ಎಂದರು. ಯಾರ ಮನೆ ಕಟ್ಟಿದರೂ ಇದೇ ಕ್ರಮವೆಂದು ಆಳುಗಳು ಆಮೇಲೆ ಹೇಳಿದರು. ಅಂದರೆ ನಾನು ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಎಷ್ಟೋ ಬೆಳಿಗ್ಗೆ ಅವರು ಯಾರದೋ ತಾರಸಿಯ ಕೆಳಗೆ ಹೀಗೆಯೇ ಕುಳಿತಿದ್ದರು! ಅಂದಿನಿಂದ ಪಾಠದ ನಡುವೆಯೂ ನನ್ನ ಕಿವಿ ಬೀದಿಯ ಕಡೆಗೇ ಇರುತ್ತಿತ್ತು, ಯಾರಾದರೂ ಸುದ್ದಿ ಹೇಳಲು ಓಡಿಬರುತ್ತಾರೇನೋ ಎಂದು. ಅವರಿಗೆ 86 ತುಂಬಿ, ಮಲಗಿದಲ್ಲೇ, ನಿದ್ದೆಯಲ್ಲೇ ಉಸಿರು ನಿಂತಾಗ, ನಾನು ಹೆದರಿದ ಹಾಗೆ ಆಗಲಿಲ್ಲವಲ್ಲ ಎಂಬ ಸಮಾಧಾನ ಅಳುವಿಗಿಂತ ಮೊದಲು ಬಂತು. ಇದನ್ನು ಮಾವನಿಗೂ ಹೇಳಿಲ್ಲ.

ಅವರು ಹಾಗೆ ಕುಳಿತದ್ದನ್ನು ಹೆಮ್ಮೆಯಿಂದ ಬರೆಯುತ್ತಿರುವ ನಾನೇ, ನೀನು ಮಾತ್ರ ಹಾಗೆ ಕುಳಿತುಕೊಳ್ಳಕೂಡದು ಎನ್ನುತ್ತೇನೆ. ಸೈಟಿನಲ್ಲಿ ಹೆಲ್ಮೆಟ್ ತೆಗೆಯಬೇಡ. ಗೂಟ ಕಳಚುವ ಜಾಗದಲ್ಲಿ ಸುಳಿಯಬೇಡ. ಅಲ್ಲಿ ದುಡಿಯುವವರು ನಿನಗಿಂತ ಹಿರಿಯರಾಗಿದ್ದರೆ ಬಹುವಚನದಲ್ಲಿ ಮಾತನಾಡಿಸು. ಕೆಲಸ ಬೇಗ ಮುಗಿಸೆಂದು ಮೇಲಿನವರು ಒತ್ತಾಯಿಸಿದರೆ ಬಾಯಿಬಿಟ್ಟು ಆಗದೆಂದು ಹೇಳುವುದನ್ನು ಕಲಿ. ಉಪದೇಶ ಮಾಡಬಾರದೆಂದುಕೊಂಡೇ ಕುಳಿತಿದ್ದೆ, ನೋಡು. ನಿನ್ನ ಓದಿನಲ್ಲಿ ಇದೆಲ್ಲ ಇದ್ದೀತು. ಆದರೂ ಅಜ್ಜನ ಮೊಮ್ಮಗಳು ತಾನೇ, ಯಾವ ಬೆಳಿಗ್ಗೆ ಏನು ಮಾಡುತ್ತೀಯೋ ಎಂಬ ಭಯ ನನಗಿದೆ.

ಪರೀಕ್ಷೆಯ ಮಾತಿನಲ್ಲಿ ನೀನೇ ಸರಿ. ಅಜ್ಜ ಆ ತಾರಸಿಯನ್ನು ಹಾಕಿಸಿದ್ದು ಒಂದೇ ಅಂತಸ್ತಿಗೆಂದು. ಮೇಲೆ ಇನ್ನೊಂದು ಬರುತ್ತದೆಂದು ಅವರು ಅಂದಾಜು ಮಾಡಿರಲಿಲ್ಲ. ನೀನು ಬರುವವರೆಗೆ ಕೆಲಸ ಶುರು ಮಾಡುವುದಿಲ್ಲವೆಂದು ಮಾವನಿಂದ ಮಾತು ತೆಗೆದುಕೊಂಡಿದ್ದೇನೆ. ಕಾಂಕ್ರೀಟಿಗೆ ಬಡಿದು ಅದರ ಗಟ್ಟಿತನ ನೋಡುವ ಸುತ್ತಿಗೆಯಂಥ ಸಾಧನವೊಂದಿದೆಯೆಂದು ನೀನು ಹೇಳಿದ್ದೆಯಲ್ಲ, ಅದನ್ನು ಶಿವಮೊಗ್ಗದಿಂದ ತರಿಸಬಹುದೋ ಅಥವಾ ನಿನಗೇ ಯಾರಾದರೂ ಗೊತ್ತಿದ್ದಾರೋ ತಿಳಿಸು. ಪಡಸಾಲೆಯ ನಡುವಿನಲ್ಲೂ ಬಡಿದು ನೋಡು. ಬಂದ ಅಂಕಿಯನ್ನು ಮೊದಲು ನನಗೆ ಹೇಳು, ಕಡಿಮೆ ಬಂದರೂ.

ನಿನ್ನ ಅಮ್ಮ