ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಎಚ್1 ರಿಜಿಸ್ಟರ್ ತೆಗೆಸಿ ನೋಡಿ

ಮಾನ್ಯ ಜಿಲ್ಲಾಧಿಕಾರಿಗಳೆ,

ಕೇರಳ ಗಡಿಯ ಮಾಕುಟ್ಟ, ಕುಟ್ಟ, ಕರಿಕೆ ಗೇಟುಗಳಲ್ಲಿ ಗಾಂಜಾಕ್ಕಾಗಿ ವಾಹನ ತಪಾಸಣೆ ನಡೆಯುತ್ತದೆ, ನಡೆಯಲಿ. ಆದರೆ ಚಟ ಹಿಡಿಸುವ ನೋವಿನ ಮಾತ್ರೆ ಟ್ರಮಡಾಲ್ ಕದ್ದು ಗೇಟು ದಾಟಬೇಕಾಗಿಲ್ಲ. ಸಗಟು ಅಂಗಡಿಯಿಂದ ಬಿಲ್ ಸಮೇತ ಬಂದು, ಮೆಡಿಕಲ್‌ನಿಂದ ಬಿಲ್ ಇಲ್ಲದೆ ಹೊರಗೆ ಹೋಗುತ್ತದೆ. ಮೆಡಿಕಲ್ ಅಂಗಡಿಯ ಫಾರ್ಮಸಿಸ್ಟರಾದ ನಾವು ಇದನ್ನು ವರ್ಷಗಳಿಂದ ಹೇಳುತ್ತಿದ್ದೇವೆ. 'ಪರಿಶೀಲಿಸುತ್ತೇವೆ' ಎಂಬ ಉತ್ತರ ಕೇಳಿ ಸಾಕಾಗಿದೆ.

ನಿಯಮ ತಮಗೆ ಗೊತ್ತೇ ಇದೆ. 2014ರ ಮಾರ್ಚ್‌ನಿಂದ ಟ್ರಮಡಾಲ್‌ನಂಥ ಎಚ್1 ಔಷಧ (ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಪಟ್ಟಿಯದು) ಮಾರಿದ ಪ್ರತಿ ಸಲವೂ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. 2018ರಿಂದ ಟ್ರಮಡಾಲ್ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಗೂ ಸೇರಿದೆ. ಹಾಗಿದ್ದೂ, ಚೀಟಿ ಕೇಳಿದರೆ 'ಎದುರಿನ ಅಂಗಡಿಯವರು ಕೇಳುವುದಿಲ್ಲ' ಎಂದು ಗಿರಾಕಿ ನಮ್ಮೊಡನೆ ಜಗಳಕ್ಕೆ ನಿಲ್ಲುತ್ತಾನೆ.

ರಿಜಿಸ್ಟರ್ ಇದೆಯೇ ಎಂದು ನೋಡಿ ಸಹಿ ಹಾಕಿ ಹೋದರೆ ಏನೂ ಸಿಗದು. ಹಿಂದಿನ ದಾಸ್ತಾನಿಗೆ ಸಗಟು ಬಿಲ್ಲಿನ ಖರೀದಿ ಕೂಡಿಸಿ, ಚೀಟಿಯ ಮೇಲೆ ಮಾರಿದ್ದನ್ನು ಕಳೆಯಿರಿ. ಉಳಿದದ್ದು ಕಪಾಟಿನಲ್ಲಿರಬೇಕು. ಅಲ್ಲಿ ಇಲ್ಲದ ಸ್ಟ್ರಿಪ್‌ಗಳು ಎಲ್ಲಿಗೆ ಹೋದವು? ಬ್ಯಾಚ್ ನಂಬರ್ ಇರುವ ತುದಿ ಕತ್ತರಿಸಿ ಕೊಡುವುದರಿಂದ, ಸಿಕ್ಕ ಮಾತ್ರೆ ಯಾವ ಅಂಗಡಿಯದೆಂದು ಪತ್ತೆಯಾಗುವುದಿಲ್ಲ. ಆದ್ದರಿಂದ ಲೆಕ್ಕ ಸಗಟು ಬಿಲ್ಲಿನಿಂದಲೇ ಶುರುವಾಗಬೇಕು.

ಕಾಫಿ ಕೊಯ್ಲಿನ ಸೊಂಟನೋವಿಗೆಂದು ತೋಟದ ಕಾರ್ಮಿಕರ ಲೈನ್ ಮನೆಗೆ ಹೋಗುವ ಒಂದು ಮಾತ್ರೆಯಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್, 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುತ್ತದೆ. ದೇಹ ಒಗ್ಗಿದಂತೆ ದಿನಕ್ಕೆ ಎರಡು ಸಾಲದೆ ಎಂಟಾಗುತ್ತದೆ, ಹನ್ನೆರಡಾಗುತ್ತದೆ. ಹನ್ನೆರಡೆಂದರೆ 3.9 ಗ್ರಾಂ ಪ್ಯಾರಸಿಟಮಾಲ್. ಆರೋಗ್ಯವಂತರಿಗೇ ದಿನದ ಮಿತಿ 4 ಗ್ರಾಂ; ದಿನಾ ಕುಡಿಯುವವರ ಲಿವರ್ ಅಷ್ಟನ್ನು ತಾಳುವುದಿಲ್ಲ. ಟ್ರಮಡಾಲ್ ಹೆಚ್ಚಾದರೆ ಫಿಟ್ಸ್ ಬರುತ್ತದೆ. ಮೆಣಸು ಕೊಯ್ಯುವ ಏಣಿಯ ಮೇಲಿದ್ದವನ ಗತಿ ಏನು? ಮದ್ಯವೋ ನಿದ್ದೆ ಬರಿಸುವ ಅಲ್ಪ್ರಜೋಲಾಂ ಮಾತ್ರೆಯೋ ಜೊತೆಗೂಡಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ವಿಚಿತ್ರ ಗೊರಕೆ, ಸೂಜಿಮೊನೆಯಷ್ಟಾದ ಪಾಪೆ, ನೀಲಿಗಟ್ಟಿದ ತುಟಿ ಕಂಡರೂ 'ಅಮಲು ಇಳಿಯಲಿ' ಎಂದು ಮಲಗಿಸುತ್ತಾರೆ. ಆಗಲೇ 108ಕ್ಕೆ ಕರೆ ಮಾಡಬೇಕು.

ಇಂಥ ಮಾತ್ರೆಯಿಂದ ಕುಗ್ಗಿದ ಉಸಿರನ್ನು ಮರಳಿಸುವ ಮದ್ದು ನಲಾಕ್ಸೋನ್ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇರಲಿ. ಅದರ ಪರಿಣಾಮ ಅರ್ಧದಿಂದ ಒಂದೂವರೆ ಗಂಟೆ ಮಾತ್ರ, ಎಚ್ಚರವಾದ ಕೂಡಲೇ ಮನೆಗೆ ಕಳಿಸಬಾರದು. ಚಟ ಬಿಡಲು ತಾವಾಗಿ ಬಂದವರಿಗೆ ಎನ್‌ಡಿಪಿಎಸ್ 64ಎ ಕಲಂ ರಕ್ಷಣೆ ಕೊಡುತ್ತದೆ. ಅವರನ್ನು ಠಾಣೆಗೆ ಅಲೆಸಬೇಡಿ.

ಮಾದಕ ವಸ್ತು ತಡೆಯ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಔಷಧ ನಿಯಂತ್ರಣ ಅಧಿಕಾರಿಗಳನ್ನು ಕೂರಿಸಿ ರಿಜಿಸ್ಟರ್ ತೆಗೆಸಿ. ಸಗಟು ಬಿಲ್ಲಿನೊಂದಿಗೆ ತಾಳೆ ನೋಡಿಸಿ, ನಮ್ಮ ಅಂಗಡಿಗಳಿಂದಲೇ ಶುರುಮಾಡಿ. ಈ ಸಲದ ಕೊಯ್ಲು ಆರಂಭವಾಗುವ ಮೊದಲೇ ಮಾಡಿಸಿ.

ಇಂತಿ,
ಜಿಲ್ಲೆಯ ಕೆಲವು ಫಾರ್ಮಸಿಸ್ಟರು