ಮಗಳಿಗೊಂದು ಪತ್ರ: ಡಿಕ್ಕಿ ಮುಚ್ಚುವ ಮುಂಚೆ

ವಿಮಾನಪುರ, ಬೆಂಗಳೂರು

ಪ್ರೀತಿಯ ಪುಟ್ಟಿ,

ತೀರ್ಥಹಳ್ಳಿ ಕಡೆಯ ತೋಟದಲ್ಲಿ ಟೆಂಟ್ ಹಾಕಿಕೊಂಡು ಇರಲು ನೀವೆಲ್ಲ ಹೋಗುತ್ತಿದ್ದೀರಲ್ಲ, ಅದಕ್ಕೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಸಾಮಾನಿನ ಪಟ್ಟಿ ಓದಿದೆ. ತುಂಬಾ ಉದ್ದ ಆಯ್ತು ಕಣಮ್ಮ. ಬನಿಯನ್, ಬಾಚಣಿಗೆ, ಪೌಡರ್, ಹೇರ್‌ಬ್ಯಾಂಡ್ ಎಲ್ಲ ಇದೆ. ನಿಮ್ಮ ಮಾವನವರ ಬಿಪಿ ಮಾತ್ರೆ ಮಾತ್ರ ಎಲ್ಲೋ ಕೆಳಗೆ, ಸೋಪಿನ ಡಬ್ಬಿ ಆದಮೇಲೆ ಬರುತ್ತದೆ. ಇನ್ನು ಟೆಂಟಿನ ಬಗ್ಗೆ ಇರುವುದು ಒಂದೇ ಪದ: ‘ಟೆಂಟ್’. ಫೋನಿನಲ್ಲಿ ಹೇಳಿದರೆ ‘ಆಯ್ತಪ್ಪಾ, ಆಯ್ತು’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಚೆಕ್‌ಲಿಸ್ಟ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ ಅಂತ ನಿನಗೂ ಗೊತ್ತು. ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ಶೆಡ್ಡಿನಲ್ಲಿ, ಕೆಲಸ ಮಾಡಿದವನಿಗೆ ಅದು ಬಿಡುವ ಚಟ ಅಲ್ಲ. ವಿಮಾನದವರಿಗೆ ಇದು ಅಂಟಿಕೊಂಡಿದ್ದೇ ಒಂದು ಅಪಘಾತದಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಮಾಡೆಲ್ 299 ಅನ್ನುವ ಹೊಸ ವಿಮಾನ ಪರೀಕ್ಷೆಗೆ ಅಂತ ಮೇಲೇರಿತು, ಏರಿದ ಸ್ವಲ್ಪದರಲ್ಲೇ ಬಿತ್ತು. ಇಬ್ಬರು ಸತ್ತರು. ಇಂಜಿನ್ನು ಸರಿಯಾಗೇ ಇತ್ತು. ನಿಂತ ವಿಮಾನದ ಬಾಲದ ಭಾಗಗಳು ಗಾಳಿಗೆ ಬಡಿದಾಡದಿರಲಿ ಅಂತ ಒಂದು ಲಾಕ್ ಹಾಕುತ್ತಾರೆ. ಅದನ್ನು ತೆಗೆಯದೆ ಹೊರಟಿದ್ದರು. ಓಡಿಸಿದವರು ಹೊಸಬರೇನಲ್ಲ, ನುರಿತ ಪೈಲಟ್. ಆಮೇಲೆ ಮಾಡಿಕೊಂಡದ್ದು ಒಂದು ಚಿಕ್ಕ ಪಟ್ಟಿ. ವಿಮಾನ ಓಡಿಸುವುದು ಹೇಗೆ ಅಂತ ಅದರಲ್ಲಿ ಬರೆದಿರಲಿಲ್ಲ, ಅದು ಪೈಲಟ್‌ಗೆ ಗೊತ್ತಿರುವ ಮಾತು. ಗೊತ್ತಿದ್ದೂ ಕೈಬಿಟ್ಟು ಹೋಗುವಂಥದ್ದು, ಬಿಟ್ಟರೆ ಪ್ರಾಣಕ್ಕೆ ಬರುವಂಥದ್ದು, ಅಷ್ಟೇ ಇತ್ತು.

ನಿನ್ನ ಪಟ್ಟಿಯನ್ನೂ ಅದೇ ಜರಡಿಯಲ್ಲಿ ಹಿಡಿ. ತೀರ್ಥಹಳ್ಳಿ ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವುದೆಲ್ಲ ಕೆಳಕ್ಕೆ ಬೀಳಲಿ. ಪೇಸ್ಟು, ಸೋಪು, ಬಿಸ್ಕೆಟ್ಟು, ಬೆಂಕಿಪೊಟ್ಟಣ, ಹೇರ್‌ಬ್ಯಾಂಡು ಮರೆತರೆ ಏನೂ ಮುಳುಗುವುದಿಲ್ಲ. ಮೇಲೆ ಉಳಿಯಬೇಕಾದ್ದು ಮಾವನವರ ಮಾತ್ರೆ, ಡಾಕ್ಟರ್ ಚೀಟಿ, ಅತ್ತೆಯವರ ಕನ್ನಡಕ, ಡ್ರೈವಿಂಗ್ ಲೈಸೆನ್ಸು, ಚಿಕ್ಕವನು ತಬ್ಬಿಕೊಂಡು ಮಲಗುವ ಆ ಹಳೇ ಟವೆಲ್ಲು. ನಗಬೇಡ. ರಾತ್ರಿ ಹನ್ನೊಂದಕ್ಕೆ ಅದು ಬೇಕು ಅಂತ ಹಟ ಹಿಡಿದರೆ ಯಾವ ಅಂಗಡಿಯೂ ಕೊಡುವುದಿಲ್ಲ.

ಈಗ ಟೆಂಟಿಗೆ ಬರುತ್ತೇನೆ. ನಮ್ಮ ಹ್ಯಾಂಗರಿನ ಗೋಡೆಯಲ್ಲಿ ಒಂದು ಬೋರ್ಡು ಇರುತ್ತಿತ್ತು. ಪ್ರತಿ ಸ್ಪ್ಯಾನರಿಗೂ, ಪ್ರತಿ ಸ್ಕ್ರೂಡ್ರೈವರಿಗೂ ಅದರದೇ ಆಕಾರದಲ್ಲಿ ಬಣ್ಣ ಬಳಿದಿರುತ್ತಿದ್ದರು. ಕೆಲಸ ಮುಗಿದಾಗ ಸಾಮಾನನ್ನು ಅದರ ನೆರಳಿನ ಮೇಲೆ ನೇತು ಹಾಕಬೇಕು. ಒಂದು ನೆರಳು ಖಾಲಿ ಉಳಿದರೂ ಕಣ್ಣಿಗೆ ಹೊಡೆಯುತ್ತಿತ್ತು. ಆ ಸ್ಪ್ಯಾನರ್ ಸಿಗುವವರೆಗೆ ವಿಮಾನ ಆಚೆ ಹೋಗುವ ಹಾಗಿಲ್ಲ, ಯಾಕೆಂದರೆ ಅದು ಒಳಗೇ ಉಳಿದಿರಬಹುದು. ‘ಸಾಮಾನು ಎಲ್ಲ ಇದೆ’ ಅಂತ ಬಾಯಲ್ಲಿ ಹೇಳಿದರೆ ಅಲ್ಲಿ ನಡೆಯುತ್ತಿರಲಿಲ್ಲ.

ಹಾಗೇ, ‘ಟೆಂಟ್’ ಅಂದರೆ ಒಂದು ಸಾಮಾನಲ್ಲ. ಒಳಗಿನ ಟೆಂಟು, ಮೇಲಿನ ಹೊದಿಕೆ, ಕೋಲು, ಗೂಟ, ಹಗ್ಗ, ಕೆಳಗೆ ಹಾಸುವ ಟಾರ್ಪಾಲು. ಗೂಟದ ಚೀಲದ ಮೇಲೆ ಮಾರ್ಕರಿನಲ್ಲಿ ‘12’ ಅಂತ ದೊಡ್ಡದಾಗಿ ಬರೆದಿದ್ದೇನೆ, ನೋಡಿಕೋ. ಹೋಗುವಾಗ ಎಣಿಸು, ಟೆಂಟು ಬಿಚ್ಚಿದ ಮೇಲೂ ಎಣಿಸು. ಹುಲ್ಲಿನಲ್ಲಿ ಬಿಟ್ಟ ಗೂಟ ಮುಂದಿನ ಸಲ ಗಾಳಿ ಬಂದಾಗ ನೆನಪಾಗುತ್ತದೆ. ಹೊರಡುವ ಹಿಂದಿನ ವಾರ ತಾರಸಿ ಮೇಲೆ ಒಂದು ಸಲ ಹಾಕಿ ನೋಡಿ. ಕಾಂಕ್ರೀಟಿಗೆ ಗೂಟ ಹೊಡೆಯಲು ಆಗುವುದಿಲ್ಲ, ನೀರು ತುಂಬಿದ ಬಕೆಟ್ಟುಗಳಿಗೆ ಹಗ್ಗ ಕಟ್ಟಿದರೆ ಸಾಕು. ಮಕ್ಕಳಿಗೂ ಮಜಾ. ಕಿತ್ತುಹೋದ ಜಿಪ್ಪು ಕತ್ತಲಲ್ಲಿ ಗೊತ್ತಾಗುವುದಕ್ಕಿಂತ ಮನೆಯಲ್ಲೇ ಗೊತ್ತಾಗಲಿ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ನಿನ್ನ ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲ. ಹೆಸರಿಲ್ಲ ಅಂದರೆ ಎಲ್ಲ ನಿನ್ನ ತಲೆಗೇ ಅಂತ ಅರ್ಥ, ಅಲ್ವಾ? ಎಲ್ಲರೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ‘ಇನ್ನೂ ಆಗಲಿಲ್ವಾ’ ಅನ್ನುತ್ತಾರೆ, ನೀನು ಒಳಗೆ ಪವರ್‌ಬ್ಯಾಂಕ್ ಹುಡುಕುತ್ತಿರುತ್ತೀಯ. ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆ. ಎರಡು ಹೆಸರು ಬೇಡ, ಇಬ್ಬರಿಗೆ ಸೇರಿದ ಕೆಲಸ ಯಾರಿಗೂ ಸೇರುವುದಿಲ್ಲ. ಟೆಂಟು, ಸ್ಟೌವು, ಕಾರಿನ ಗಾಳಿ, ಸ್ಟೆಪ್ನಿ ಅಳಿಯಂದಿರದು. ಮಾತ್ರೆ ಮಾವನವರೇ ಹೊಂದಿಸಿಕೊಳ್ಳಲಿ. ಹಾಸಿಗೆ, ಹೊದಿಕೆ ನೀನು ನೋಡಿಕೋ. ಹ್ಯಾಂಗರಿನಲ್ಲಿ ಕೆಲಸ ಮಾಡಿದವನು ಒಬ್ಬ, ನೋಡಿ ಸಹಿ ಹಾಕುವವನು ಇನ್ನೊಬ್ಬ. ನಿಮ್ಮಲ್ಲಿ ಆ ಸಹಿಯ ಕೆಲಸ ದೊಡ್ಡವಳಿಗೆ ಕೊಡು. ಮೂರನೇ ಕ್ಲಾಸಿನವಳು ಚೆನ್ನಾಗಿ ಓದುತ್ತಾಳೆ. ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದಲಿ, ಹೆಸರಿದ್ದವರು ಸಾಮಾನನ್ನು ತೋರಿಸಲಿ. ಡಿಕ್ಕಿಯ ಒಳಗೆ ಹೋದಮೇಲೆ ಟಿಕ್. ‘ಅಲ್ಲೇ ಸೋಫಾ ಮೇಲಿದೆ’ ಅಂದರೆ ಟಿಕ್ ಇಲ್ಲ. ಅವಳು ಅಪ್ಪನಿಗೂ ರಿಯಾಯಿತಿ ಕೊಡುವುದಿಲ್ಲ, ನನಗೆ ನಂಬಿಕೆ ಇದೆ.

ಯಾರದೋ ಪಟ್ಟಿ ನೋಡಿ ಉಪ್ಪಿನ ಪೊಟ್ಟಣ ಬರೆದಿದ್ದೀಯ, ಉಂಬಳಕ್ಕೆ (ಜಿಗಣೆಗೆ) ಅಂತ. ಅದು ಮಳೆಗಾಲದ ಪಟ್ಟಿ. ನೀವು ಹೋಗುತ್ತಿರುವುದು ಡಿಸೆಂಬರಿನಲ್ಲಿ. ಆಗ ಮಲೆನಾಡಿನಲ್ಲಿ ಯೋಚನೆ ಮಾಡಬೇಕಾದ್ದು ಉಣ್ಣೆ ಹುಳದ, ಅಂದರೆ ಉಣುಗಿನ ಬಗ್ಗೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು, ಶಿವಮೊಗ್ಗ ಜಿಲ್ಲೆಯಲ್ಲಿ ಈಗಲೂ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಹೆದರಿ ಟ್ರಿಪ್ಪು ಬಿಡಬೇಕಿಲ್ಲ. ಈ ಕಾಯಿಲೆಗೆ ಮಂಗಗಳೂ ಸಾಯುತ್ತವೆ, ಅದಕ್ಕೆ ತೋಟದವರಿಗೆ ಫೋನ್ ಮಾಡಿ, ಆ ಕಡೆ ಮಂಗ ಸತ್ತ ಸುದ್ದಿ ಇದೆಯಾ ಅಂತ ಕೇಳು. ಇದ್ದರೆ ಊರು ಬದಲಿಸು. ಇಲ್ಲದಿದ್ದರೂ ಎಲ್ಲರಿಗೂ ಉದ್ದ ತೋಳಿನ ತಿಳಿಬಣ್ಣದ ಬಟ್ಟೆ, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ, ತರಗೆಲೆಯ ಮೇಲೆ ಸುಮ್ನೆ ಕೂರುವುದು ಬೇಡ. ಹುಳ ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಅಲ್ಲಿನ ಜನಕ್ಕೆ ಆರೋಗ್ಯ ಇಲಾಖೆಯವರೇ ಹಂಚುತ್ತಾರೆ, ನೀನು ಮೆಡಿಕಲ್ ಶಾಪಿನಲ್ಲಿ ಒಂದು ರಿಪೆಲೆಂಟ್ ಕೇಳಿ ತೆಗೆದುಕೋ. ಸಾಯಂಕಾಲ ಸ್ನಾನ ಮಾಡಿಸುವಾಗ ಮಕ್ಕಳ ಕಿವಿ ಹಿಂದೆ, ಕಂಕುಳು, ಮೊಣಕಾಲಿನ ಹಿಂದೆ ನೋಡು. ಹಾಗಾಗಿ ಪಟ್ಟಿಯ ತಲೆಯ ಮೇಲೆ ‘ಮಲೆನಾಡು, ಡಿಸೆಂಬರ್’ ಅಂತ ಬರೆ. ಮಳೆಗಾಲಕ್ಕೆ ಬೇರೆ ಹಾಳೆ ಮಾಡಿಕೋ.

ಚಳಿಗೆ ರಗ್ಗು ಜಾಸ್ತಿ ಬರೆದಿದ್ದೀಯ, ಕೆಳಗೆ ಹಾಸಲು ಏನೂ ಇಲ್ಲ. ಟೆಂಟಿನಲ್ಲಿ ಚಳಿ ನೆಲದಿಂದ ಏರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಫೋಮ್ ಮ್ಯಾಟ್ ಇರಲಿ, ಎರಡು ರಗ್ಗು ಕಮ್ಮಿ ಆದರೂ ಪರವಾಗಿಲ್ಲ. ಬೆಚ್ಚಗಾಗಲಿ ಅಂತ ಸ್ಟೌವನ್ನಾಗಲಿ ಕೆಂಡವನ್ನಾಗಲಿ ಟೆಂಟಿನ ಒಳಗೆ ಇಡುವುದು ಮಾತ್ರ ಖಂಡಿತ ಬೇಡ. ಮುಚ್ಚಿದ ಜಾಗದಲ್ಲಿ ಅದರಿಂದ ಬರುವ ವಿಷಗಾಳಿ ಕಾಣದೆಯೇ ಕೊಲ್ಲುತ್ತದೆ. ಭೇದಿಯಾದರೆ ಕುಡಿಸಲು ಓಆರ್‌ಎಸ್ ಪ್ಯಾಕೆಟ್ ತೆಗೆದುಕೊಂಡಿದ್ದೀಯ, ಒಳ್ಳೆಯದು. ಮುಗಿದುಹೋದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಚಮಚದ ಅಂಚಿಗೆ ಸಮವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕು.

ಬೆಳಿಗ್ಗೆ ಹೊರಡುವಾಗಿನದು ಬೇರೆ ಚೀಟಿ. ಅದನ್ನು ಮುಂಬಾಗಿಲ ಒಳಗಡೆ ಅಂಟಿಸು. ಫೋನ್ ಚಾರ್ಜರು, ಫ್ರಿಜ್ಜಿನಲ್ಲಿಟ್ಟ ಮೊಸರು, ಗ್ಯಾಸ್ ರೆಗ್ಯುಲೇಟರು, ಗೀಸರ್ ಸ್ವಿಚ್ಚು, ಮೋಟಾರು, ಹಾಲಿನವರಿಗೆ ಹೇಳಿದ್ದು, ಪಕ್ಕದ ಮನೆಗೆ ಬೀಗದ ಕೈ. ಇವು ಹಿಂದಿನ ರಾತ್ರಿ ಪ್ಯಾಕ್ ಆಗುವ ಸಾಮಾನಲ್ಲ. ದೊಡ್ಡ ಪಟ್ಟಿಯಲ್ಲಿ ಸೇರಿಸಿದರೆ ಸುಮ್ನೆ ಟಿಕ್ ಬೀಳುತ್ತದೆ.

ವಾಪಸ್ ಬಂದ ದಿನ ಸುಸ್ತಾಗಿರುತ್ತೆ, ಆದರೂ ಬ್ಯಾಗು ಬಿಚ್ಚುವಾಗಲೇ ಕೆಂಪು ಪೆನ್ನು ಹಿಡಿದುಕೋ. ಮುಟ್ಟದೆ ತಂದದ್ದನ್ನು ಹೊಡೆದುಹಾಕು, ಅಲ್ಲಿ ಇಲ್ಲದೆ ಒದ್ದಾಡಿದ್ದನ್ನು ಸೇರಿಸು. ವಾರ ಬಿಟ್ಟು ಕೂತರೆ ಫೋಟೋ ಮಾತ್ರ ನೆನಪಿರುತ್ತೆ. ಔಷಧಿ ಡಬ್ಬಿಗೆ ಈ ಹೊಡೆದುಹಾಕುವ ನಿಯಮ ಬೇಡ, ಅದು ಮುಟ್ಟದೆ ವಾಪಸ್ ಬಂದರೇ ಸಂತೋಷ.

ಗೊರಗುಂಟೆಪಾಳ್ಯ, ನೆಲಮಂಗಲ ಕಡೆ ಜಾಮ್ ಆಗುವ ಮುಂಚೆ ದಾಟಬೇಕು ಅಂದರೆ ಬೆಳಿಗ್ಗೆ ಐದಕ್ಕೆ ಕಾರು ಹೊರಡಬೇಕು. ಡಿಕ್ಕಿ ಹಿಂದಿನ ರಾತ್ರಿಯೇ ತುಂಬಿರಲಿ. ಭಾನುವಾರ ಅಳಿಯಂದಿರನ್ನು ಕಳಿಸು, ಟೆಂಟು ತೆಗೆದುಕೊಂಡು ಹೋಗಲಿ, ಗೂಟ ಅವರ ಕೈಲೇ ಎಣಿಸಿಸುತ್ತೇನೆ. ನಿಮ್ಮಮ್ಮ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಡುತ್ತಾಳಂತೆ. ಅವಳ ಪಟ್ಟಿ ಬಾಯಲ್ಲೇ ಇರುತ್ತೆ, ದಿನಕ್ಕೊಂದು ಐಟಂ ಬೆಳೆಯುತ್ತೆ. ಚಕ್ಲಿ ಡಬ್ಬಿಗೂ ಜಾಗ ಬಿಟ್ಟಿರು.

ನಿನ್ನ
ಅಪ್ಪ