ಭಾನುವಾರದ ಚೌಕಾಬಾರ: ಬರುವ ಮುಂಚೆ ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ತಾರಸಿಯಲ್ಲಿ ಚೌಕಾಬಾರ ಇದೆ. ಕಳೆದ ಸಲ ಆಟಕ್ಕಿಂತ ಜಗಳವೇ ಜಾಸ್ತಿ ಆಯಿತು ಅಲ್ವಾ? ಅದಕ್ಕೇ ನಿಯಮ ಈಗಲೇ ಹೇಳಿಬಿಡುತ್ತೇನೆ.

ಮಣೆ 5ಕ್ಕೆ 5, ಒಟ್ಟು 25 ಮನೆ. ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆಯೋಣ. ಒಬ್ಬೊಬ್ಬರಿಗೆ 4 ಕಾಯಿ. ಬಳೆಚೂರು, ಗುಂಡಿ, ಕಡ್ಲೆಬೀಜ ಏನಾದರೂ ನಡೆಯುತ್ತದೆ, ಗುರುತು ಸಿಕ್ಕರೆ ಆಯಿತು. ಕವಡೆ 4. ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, 4 ಮನೆ. ನಾಲ್ಕೂ ಬೋರಲಾದರೆ ಬಾರ, 8 ಮನೆ. ಇವೆರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ.

ಹೊರಸುತ್ತಿನಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ, ಒಳಸುತ್ತಿನಲ್ಲಿ ಮುಳ್ಳಿನ ದಿಕ್ಕಿಗೇ. ನಡುಮನೆ ಸೇರಿದ ಕಾಯಿ ಹಣ್ಣು. ಅಡ್ಡಗೀಟು ಹಾಕಿದ ಮನೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಕೆಲವರ ಮನೆಯಲ್ಲಿ ಈ ನಿಯಮ ಇಲ್ಲ, ಗೊತ್ತು. ನಮ್ಮಲ್ಲಿ ಇರಲಿ. ಗೀಟಿನ ಮನೆಯಲ್ಲಿ ಸುಮ್ನೆ ಕೂತು ಗೆಲ್ಲುವುದರಲ್ಲಿ ಏನು ಮಜಾ?

ಕವಡೆ ಒಂದು ಮಣೆಗೆ ಆಗುವಷ್ಟೇ ಇವೆ. ಮನೆಯಲ್ಲಿದ್ದರೆ ಹುಣಸೆ ಬೀಜ ತನ್ನಿ. ಒಂದು ಬದಿ ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿದರೆ ಅದೇ ಕವಡೆ, ಬಿಳಿ ಬದಿಯನ್ನು ಎಣಿಸುವುದು. ಉಜ್ಜಿ ಬಿಸಿಯಾದ ಬೀಜವನ್ನು ಪಕ್ಕದವರ ಕೈಗೆ ಒತ್ತುವ ಚಾಳಿ ಬೇಡ. ಮಕ್ಕಳಿಗಲ್ಲ, ದೊಡ್ಡವರಿಗೇ ಹೇಳುತ್ತಿದ್ದೇನೆ!

ಒಂದು ಮಣೆಗೆ 4 ಜನ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.